ಮೇ ತಿಂಗಳ ಬಿಸಿಲು, ಮೊಣಕಾಲುದ್ದ ಹಿಮ

ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಿದ್ದು, ಮುಂಗಾರು ಹಿಡಿಯುವುದರೊಳಗೆ ಸಿಗುವ ಬಿಡುವಿನಲ್ಲೇ ಹಾಸನ, ಚಿಕ್ಕಮಗಳೂರು ಕಡೆಯ ಅಪ್ಪ ಅಮ್ಮಂದಿರು ಸಿಯಾಟಲ್‌ಗೆ ಬರುವುದು ಹೆಚ್ಚು. ಬಂದ ಎರಡನೇ ಶನಿವಾರವೇ ಅವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಆಸೆ ಮಕ್ಕಳಿಗೆ. ಮುಳ್ಳಯ್ಯನಗಿರಿ ಹತ್ತಿದವರಿಗೆ ಇದೇನು ಮಹಾ ಅನ್ನಿಸುವುದೂ ಸಹಜ. ಆದರೆ ಮೇ ತಿಂಗಳಲ್ಲಿ ದಾರಿಯ ಹಿಮ ಇನ್ನೂ ಕರಗಿರದ ಕಾರಣ, ಇಲ್ಲಿನ ಬೆಟ್ಟದಿಂದ ಅರ್ಧ ದಾರಿಗೇ ಹಿಂದಿರುಗಬೇಕಾಗುತ್ತದೆ. ಅದಕ್ಕೆ ಮನೆಯಲ್ಲೇ ಮನಸ್ಸು ಸಿದ್ಧವಾಗಿರಬೇಕು. ನಮ್ಮ ಸಂಘದ ಈ ಸಂಚಿಕೆ ಊರಿನ ಮನೆಗಳಿಗೂ ಹೋಗುವುದರಿಂದ, ಇಲ್ಲಿರುವವರಿಗೂ ಸೂಟ್‌ಕೇಸ್ ತುಂಬುತ್ತಿರುವವರಿಗೂ ಸೇರಿಸಿಯೇ ಬರೆಯುತ್ತಿದ್ದೇವೆ.

ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಅಂದರೆ ಸುಮಾರು 6,330 ಅಡಿ. ಇಲ್ಲಿನ ಮೌಂಟ್ ರೇನಿಯರ್ ಬೆಟ್ಟದಲ್ಲಿ ಪ್ಯಾರಡೈಸ್ ಎಂಬ ಜಾಗ 5,400 ಅಡಿಯಲ್ಲಿದೆ, ನಮ್ಮ ಗಿರಿಗಿಂತ 900 ಅಡಿ ಕೆಳಗೆ. ಆದರೂ ಅಲ್ಲಿನ ದಾರಿಗಳಿಂದ ಹಿಮ ಸರಿಯುವಾಗ ಸಾಮಾನ್ಯವಾಗಿ ಜುಲೈ ನಡುಭಾಗ. 1971-72ರ ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮ 1,122 ಇಂಚು, 93 ಅಡಿಗೂ ಹೆಚ್ಚು. ಚಿಕ್ಕಮಗಳೂರು ಇರುವುದು 13ನೇ ಅಕ್ಷಾಂಶದಲ್ಲಿ, ರೇನಿಯರ್ 47ರ ಹತ್ತಿರ. ಸಕಲೇಶಪುರದಲ್ಲಿ ಬಿದ್ದ ಮಳೆ ಅಂದೇ ಹೇಮಾವತಿ ಕಡೆಗೆ ಹರಿಯುತ್ತದೆ. ಇಲ್ಲಿ ಡಿಸೆಂಬರ್‌ನಲ್ಲಿ ಬಿದ್ದದ್ದು ಬೆಟ್ಟದ ಮೇಲೇ ಕೂತಿದ್ದು ಜೂನ್‌ನಲ್ಲಿ ಇಳಿಯುತ್ತದೆ. ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ ಎಂದು ಲೆಕ್ಕ ಇಟ್ಟುಕೊಂಡರೆ, ಮನೆಯ ಅಂಗಳದ 20 ಡಿಗ್ರಿ 5,000 ಅಡಿಯಲ್ಲಿ 10 ಡಿಗ್ರಿ.

ಮಲೆನಾಡಿನವರಿಗೆ ಹಳ್ಳದ ಭಯ ಗೊತ್ತು. ಆದರೆ ಆ ತಿಳಿವಳಿಕೆಯನ್ನು ಇಲ್ಲಿ ತಿರುಗಿಸಿ ಹಿಡಿಯಬೇಕು. ಊರಲ್ಲಿ ಮೋಡ ಕಟ್ಟಿದರೆ ಹಳ್ಳ ಏರುತ್ತದೆ, ಬಿಸಿಲು ಬಂದರೆ ಇಳಿಯುತ್ತದೆ. ಇಲ್ಲಿ ವಸಂತದಲ್ಲಿ ಚೆನ್ನಾಗಿ ಬಿಸಿಲು ಕಾದ ದಿನವೇ ಹಳ್ಳ ತುಂಬುವುದು. ರಾತ್ರಿಯ ಚಳಿಗೆ ಕರಗುವುದು ನಿಂತು ಬೆಳಿಗ್ಗೆ 9ಕ್ಕೆ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಿದ ನೀರು, ಸಂಜೆ 4ಕ್ಕೆ ಮೊಣಕಾಲು ಮುಟ್ಟಬಹುದು. ಹೋಗುವಾಗಲೇ ಕಷ್ಟಪಟ್ಟು ದಾಟಿದ ಹಳ್ಳ ಬರುವಾಗ ಇನ್ನೂ ಕಷ್ಟ. ಅಂಥದ್ದು ಸಿಕ್ಕರೆ ಅಲ್ಲೇ ನಿಲ್ಲಿ.

ಹಿಮದ ಮೇಲಿನ ನಡಿಗೆಯೂ ಗಂಟೆಗೊಂದು ಥರ. ಆಕಾಶ ಶುಭ್ರವಾಗಿದ್ದ ರಾತ್ರಿಯ ಮಾರನೆಯ ಬೆಳಿಗ್ಗೆ ಮೇಲ್ಪದರ ಹೆಪ್ಪುಗಟ್ಟಿ ಸಿಮೆಂಟಿನಂತಿರುತ್ತದೆ, ಜಾರುತ್ತದೆ. ಬಿಸಿಲು ತಾಗಿ ಹತ್ತು ಹನ್ನೊಂದರ ಹೊತ್ತಿಗೆ ಸಡಿಲವಾಗುತ್ತದೆ. ಮಧ್ಯಾಹ್ನ ಪಾದ ಊರಿದ ಕಡೆ ಮೊಣಕಾಲಿನವರೆಗೆ, ಕೆಲವೊಮ್ಮೆ ತೊಡೆಯವರೆಗೆ ಹೂತುಹೋಗುತ್ತದೆ. ಒಂದು ಕಾಲು ಹೂತು ಮೈ ಮುಂದಕ್ಕೆ ವಾಲಿದರೆ ಮಂಡಿ ತಿರುಚುತ್ತದೆ. ಅರವತ್ತು ದಾಟಿದವರನ್ನು ಕರೆದುಕೊಂಡು ಹೋದವರು ಇದನ್ನು ಮುಖ್ಯವಾಗಿ ನೋಡಬೇಕು. ಪಾದ ಕಣಕಾಲು ಮೀರಿ ಹೂಳತೊಡಗಿದರೆ, ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳುತ್ತಿದ್ದರೆ, ಮೇಲಿನ ಕಡಿದಾದ ಜಾಗ ಕುಸಿಯುವ ಹಂತಕ್ಕೆ ಬಂದಿದೆ ಎಂದೇ ತಿಳಿಯಿರಿ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲೇ ಹಿಮಕುಸಿತ ಹೆಚ್ಚು. ನೀವು ನಿಂತ ಜಾಗ ಮಟ್ಟಸವಾಗಿದ್ದರೂ ಮೇಲಿನದು ನಿಮ್ಮ ತನಕ ಬರಬಲ್ಲದು.

ಹೆಚ್ಚಿನವರು ನಿಲ್ಲಬೇಕಾದ, ಆದರೆ ನಿಲ್ಲದ ಜಾಗ ಒಂದಿದೆ. ಕಾಲುದಾರಿ ಬೆಟ್ಟದ ಪಕ್ಕೆಯನ್ನು ಕೊರೆದು ಅಡ್ಡಲಾಗಿ ಹೋಗಿರುತ್ತದೆ, ನಮ್ಮ ಘಾಟಿ ರಸ್ತೆಯ ಪುಟ್ಟ ರೂಪ. ಬೇಸಿಗೆಯಲ್ಲಿ ಎರಡಡಿ ಅಗಲದ ಮಟ್ಟಸ ದಾರಿ. ಹಿಮ ಆ ಕೊರೆತವನ್ನು ತುಂಬಿದ ಮೇಲೆ ಮೇಲಿನ ಇಳಿಜಾರೂ ಕೆಳಗಿನ ಇಳಿಜಾರೂ ಒಂದೇ ಆಗಿ, ದಾರಿಯೆಂಬುದು ಕಾಣುವುದೇ ಇಲ್ಲ. ಯಾರೋ ಮೊದಲು ಹೋದವರ ಹೆಜ್ಜೆಗುಂಡಿಗಳು ಸಾಲಾಗಿ, ಒಂದೊಂದೂ ಬೂಟಿನಗಲ, ಹೊರಗಡೆಯ ಅಂಚು ಕರಗಿ ಕೆಳಮುಖವಾಗಿ ವಾಲಿರುತ್ತವೆ. ಇಪ್ಪತ್ತು ಹೆಜ್ಜೆ ತಾನೆ ಎಂದು ಕಾಣುತ್ತದೆ. ಅಲ್ಲಿ ಜಾರಿದರೆ ಹಿಡಿಯಲು ಏನೂ ಇಲ್ಲ, ಕೆಳಗೆ ಕಲ್ಲೋ ಮರವೋ ಹಳ್ಳವೋ ಇರುತ್ತದೆ. ಕೆಳಗೇನಿದೆ ಎಂದು ಮೊದಲು ನೋಡಿ, ಆಮೇಲೆ ಎದುರಿನ ದಡ ನೋಡಿ. ಬೂಟಿಗೆ ಹಾಕುವ ಸಣ್ಣ ಮುಳ್ಳುಗಳ ಸರಪಳಿ, ಮೈಕ್ರೋಸ್ಪೈಕ್, ತುಳಿದು ಗಟ್ಟಿಯಾದ, ಮಟ್ಟಸ ಹಿಮಕ್ಕೆ ಒಳ್ಳೆಯದು. ಇಂಥ ಇಳಿಜಾರಿಗೆ ಅದು ಸಾಲದು. ಐಸ್ ಆ್ಯಕ್ಸ್ (ಹಿಮಗೊಡಲಿ) ಬೇಕಾದ ಜಾಗ ಅದು, ಅದನ್ನು ಊರಿ ಜಾರುವಿಕೆ ತಡೆಯುವುದನ್ನು ಕಲಿತು ಅಭ್ಯಾಸ ಮಾಡಿರದಿದ್ದರೆ ಕೈಯಲ್ಲಿದ್ದೂ ಉಪಯೋಗವಿಲ್ಲ.

ಕರಗುವುದು ಮೇಲಿನಿಂದ ಮಾತ್ರ ಎಂದುಕೊಳ್ಳಬೇಡಿ. ತೊರೆಯ ಮೇಲಿನ ಹಿಮ ಅಡಿಯಿಂದಲೂ ಕರಗಿ ಪೊಳ್ಳು ಸೇತುವೆಯಾಗಿರುತ್ತದೆ. ಮೇಲ್ಮೈ ತುಸು ತಗ್ಗಿ ಬೂದುಬಣ್ಣಕ್ಕೆ ತಿರುಗಿದ್ದರೆ, ಕಿವಿಗೊಟ್ಟಾಗ ಕೆಳಗೆ ನೀರಿನ ಜುಳುಜುಳು ಕೇಳಿದರೆ, ಅದರ ಮೇಲೆ ಕಾಲಿಡಬೇಡಿ. ದೊಡ್ಡ ಬಂಡೆ, ಮರದ ಬುಡಗಳ ಸುತ್ತಲೂ ಹಾಗೆಯೇ ಕರಗಿ ಗುಂಡಿ ಬಿದ್ದಿರುತ್ತದೆ, ಒಂದಾಳು ದೂರದಲ್ಲೇ ನಡೆಯಿರಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಫೋಟೊಗೂ ಇಳಿಯಬಾರದು.

ಹೊತ್ತಿನ ಲೆಕ್ಕ ಹೀಗೆ ಹಾಕಿ. ಹೋಗಿ ಬರಲು 8 ಮೈಲಿ, ಏರು 2,500 ಅಡಿ ಎಂದಿಟ್ಟುಕೊಳ್ಳಿ. ಗಂಟೆಗೆ 5 ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಎನ್ನುವ ಹಳೆಯ ಲೆಕ್ಕದಲ್ಲಿ ತುದಿ ಮುಟ್ಟಲು ಎರಡೂವರೆ ಗಂಟೆ. ಹಿರಿಯರು, ಮಕ್ಕಳು ಇದ್ದರೆ ಮೂರೂವರೆ. ಕೊನೆಯ ಒಂದು ಮೈಲಿ ಹಿಮವಿದ್ದರೆ ಆ ಮೈಲಿಗೇ ಎರಡರಷ್ಟು ಹೊತ್ತು. 9ಕ್ಕೆ ಹೊರಟವರು 1 ಗಂಟೆಗೆ ಎಲ್ಲಿದ್ದರೂ ತಿರುಗಬೇಕು, ತುದಿ ಕಣ್ಣೆದುರೇ ಇದ್ದರೂ ಸರಿ. ಈ ಗಂಟೆಯನ್ನು ಕಾರಿನಲ್ಲೇ ಎಲ್ಲರ ಎದುರು ಹೇಳಿಬಿಡಿ. ಮೇಲೆ ಹೋದ ಮೇಲೆ, "ಇಷ್ಟು ದೂರ ಬಂದಿದ್ದೀವಿ, ಇನ್ನೊಂಚೂರು ತಾನೆ" ಎನ್ನುವ ಮಾತು ಯಾರ ಬಾಯಲ್ಲಾದರೂ ಬಂದೇ ಬರುತ್ತದೆ.

ಹಿಮದಲ್ಲಿ ದಾರಿ ತಪ್ಪುವುದು ಹೆಚ್ಚಾಗಿ ಇಳಿಯುವಾಗ. ಮೇಲಿನಿಂದ ನೋಡಿದರೆ ಕಾಡೆಲ್ಲ ಒಂದೇ ಥರ ಕಾಣುತ್ತದೆ, ಹೆಜ್ಜೆಗಳು ಕವಲೊಡೆದಿರುತ್ತವೆ, ಅವುಗಳಲ್ಲಿ ಅರ್ಧ ದಾರಿ ತಪ್ಪಿದವರದೇ ಆಗಿರಬಹುದು. ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ. ಹಿಮ ಶುರುವಾದಲ್ಲಿ ಒಂದು ಗುರುತು ಹಾಕಿ, ಪ್ರತಿ ತಿರುವಿನಲ್ಲೂ ಹಿಂದಿರುಗಿ ನೋಡುತ್ತಾ ಹೋಗಿ.

ಊರಿಂದ ಬರುವವರಿಗೆ: ಉಣ್ಣೆಯ ಕಾಲುಚೀಲ ಎರಡು ಜೊತೆ, ಹಿಡಿತವಿರುವ ಅಡಿಯ ಶೂ. ಕ್ಯಾನ್ವಾಸ್ ಶೂ ಹತ್ತು ನಿಮಿಷಕ್ಕೇ ನೆನೆಯುತ್ತದೆ. ಹತ್ತಿಯ ಸೀರೆ, ಜೀನ್ಸ್, ಚೂಡಿದಾರ್ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುತ್ತವೆ, ಬೇಗ ಒಣಗುವ ಸಿಂಥೆಟಿಕ್ ಪ್ಯಾಂಟ್ ಒಳ್ಳೆಯದು. ಕಪ್ಪು ಕನ್ನಡಕ ಬೇಕೇ ಬೇಕು. ಹೊಸ ಹಿಮ ನೇರಳಾತೀತ ಕಿರಣದ ಶೇ. 80ರವರೆಗೂ ಮೇಲಕ್ಕೆ ಚಿಮ್ಮಿಸುತ್ತದೆ. ಕನ್ನಡಕವಿಲ್ಲದೆ ದಿನವಿಡೀ ನಡೆದರೆ ರಾತ್ರಿ ಕಣ್ಣಿಗೆ ಮರಳು ಹೊಯ್ದಂತೆ ಉರಿಯುತ್ತದೆ. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೂ ಹಚ್ಚಿ. ಬುತ್ತಿಗೆ ಚಪಾತಿ ಚಟ್ನಿಪುಡಿ, ಕಡಲೆಕಾಯಿ ಉಂಡೆ ಸಾಕು, ತಲೆಗೆ ಎರಡು ಲೀಟರ್ ನೀರು, ಒಂದು ಹೆಡ್‌ಲ್ಯಾಂಪ್.

ಹೊರಡುವ ಹಿಂದಿನ ರಾತ್ರಿಯೇ, ಹಿಮ ಅಡ್ಡಬಂದರೆ ಬದಲಿಗೆ ಹೋಗಲು ಕೆಳಗಿನ ಬೆಟ್ಟವೊಂದನ್ನೂ ಗೊತ್ತುಮಾಡಿಕೊಳ್ಳಿ. ರ್‍ಯಾಟಲ್‌ಸ್ನೇಕ್ ಲೆಡ್ಜ್‌ನ ಎತ್ತರ 2,000 ಅಡಿಯ ಆಸುಪಾಸು. ವ್ಯಾಲೇಸ್ ಫಾಲ್ಸ್‌ನಲ್ಲಿ ಈ ತಿಂಗಳು ನೀರು ಭೋರ್ಗರೆಯುತ್ತದೆ. ಆದರೆ ಪಾರ್ಕಿಂಗ್ ಪಾಸ್ ನೋಡಿಕೊಳ್ಳಿ: ರಾಷ್ಟ್ರೀಯ ಅರಣ್ಯದ ದಾರಿಗಳಿಗೆ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್, ವ್ಯಾಲೇಸ್ ಫಾಲ್ಸ್‌ನಂಥ ರಾಜ್ಯದ ಪಾರ್ಕುಗಳಿಗೆ ಡಿಸ್ಕವರ್ ಪಾಸ್. ಒಂದು ಇನ್ನೊಂದಕ್ಕೆ ನಡೆಯುವುದಿಲ್ಲ.

ತಿರುಗಿ ಬಂದವರು ಹಿಮ ಎಷ್ಟು ಅಡಿಯಲ್ಲಿ ಶುರುವಾಯಿತು, ಎಷ್ಟು ಗಂಟೆಗೆ ಎಷ್ಟು ಆಳ ಹೂತಿತು, ಯಾವ ತಿರುವಿನಲ್ಲಿ ನಿಂತಿರಿ ಎಂಬುದನ್ನು ತಾರೀಖಿನ ಸಮೇತ ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್‌ನ ಟ್ರಿಪ್ ರಿಪೋರ್ಟಿನಲ್ಲೂ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಬರೆಯಿರಿ. ಮುಂದಿನ ಶನಿವಾರ ಹೊರಡುವ ಮನೆಯವರು ಹುಡುಕುವುದು ಆ ನಾಲ್ಕು ಸಾಲನ್ನೇ.