ಮಾಜಿ ನಾಯಕರನ್ನು ಕರೆಯುವ ಬಗೆ

ಮಾನ್ಯ ಸಂಪಾದಕರೇ,

ಅಧಿಕಾರದಿಂದ ಇಳಿದ ನಾಯಕರನ್ನು ಹೇಗೆ ಕರೆಯಬೇಕು ಎಂಬ ವಿಷಯದಲ್ಲಿ ನಮ್ಮಲ್ಲಿ ಎರಡು ತಪ್ಪುಗಳು ರೂಢಿಯಾಗಿಬಿಟ್ಟಿವೆ. ಎಷ್ಟೋ ವರ್ಷಗಳ ಹಿಂದೆ ಸಚಿವರಾಗಿದ್ದವರನ್ನು ಅಭಿಮಾನಿಗಳು ವೇದಿಕೆಯಲ್ಲಿ ಇಂದಿಗೂ ‘ಸನ್ಮಾನ್ಯ ಸಚಿವರೇ’ ಎಂದು ಸ್ವಾಗತಿಸುತ್ತಾರೆ. ಇನ್ನೊಂದೆಡೆ, ಅಧಿಕಾರದಲ್ಲಿರುವಷ್ಟು ದಿನ ‘ಮುಖ್ಯಮಂತ್ರಿಗಳು ತಿಳಿಸಿದ್ದಾರೆ’ ಎನ್ನುತ್ತಿದ್ದ ಕೆಲವು ಸುದ್ದಿವಾಹಿನಿಗಳು, ಅದೇ ವ್ಯಕ್ತಿ ಹುದ್ದೆ ಬಿಟ್ಟ ಮೇಲೆ ‘ಹೇಳಿದ’, ‘ಹೋದ’ ಎಂದು ಏಕವಚನಕ್ಕೆ ಇಳಿಯುತ್ತವೆ.

ಪದನಾಮ ಹುದ್ದೆಗೆ ಸೇರಿದ್ದು. 2021ರ ಜುಲೈ 26ರಂದು ಬಿ.ಎಸ್. ಯಡಿಯೂರಪ್ಪ ಅವರು ರಾಜೀನಾಮೆ ನೀಡಿದ ಮೇಲೆ, 28ರಂದು ಬಸವರಾಜ ಬೊಮ್ಮಾಯಿ ಅವರು ಪ್ರಮಾಣವಚನ ಸ್ವೀಕರಿಸುವವರೆಗೆ ಅವರನ್ನು ಹಂಗಾಮಿ ಮುಖ್ಯಮಂತ್ರಿ ಎಂದದ್ದು ಸರಿಯಾಗಿಯೇ ಇತ್ತು. ಅನಂತರ ‘ಮಾಜಿ’ ಎಂಬುದೊಂದೇ ಸರಿ. ಇದನ್ನು ಬಿಟ್ಟು ಹೇಳುವುದು ಬರೀ ಔಪಚಾರಿಕ ಲೋಪವಲ್ಲ. ತಾಲ್ಲೂಕು ಕಚೇರಿಯಲ್ಲಿ ‘ಸಚಿವರು ಹೇಳಿ ಕಳಿಸಿದ್ದಾರೆ’ ಎಂಬ ಮಾತು ಕಿವಿಗೆ ಬಿದ್ದರೆ, ಅಧಿಕಾರವೇ ಇಲ್ಲದವರ ಮಾತಿಗೂ ಕಡತ ಕದಲುವ ಸಂಭವವಿದೆ. ಬಿರುದುಗಳನ್ನು ರದ್ದುಗೊಳಿಸಿದ ಸಂವಿಧಾನದ 18ನೇ ವಿಧಿಯ ಆಶಯವನ್ನು ಒಪ್ಪುವವರು, ಜನ ಐದು ವರ್ಷಕ್ಕೆಂದು ಕೊಟ್ಟ ಹುದ್ದೆಯ ಹೆಸರನ್ನು ಆಜೀವ ಬಿರುದಾಗಿಸಲು ಬಿಡಬಾರದು. ಹುದ್ದೆಯಲ್ಲಿದ್ದಾಗಲೇ, 2012ರಲ್ಲಿ, ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರು ದೇಶದೊಳಗಿನ ಸಮಾರಂಭಗಳಲ್ಲಿ ತಮಗೆ ‘ಮಹಾಮಹಿಮ’ ಬೇಡವೆಂದರು. ಆ ನಡೆ ನಮ್ಮ ಜಿಲ್ಲಾಮಟ್ಟದ ವೇದಿಕೆಗಳಿಗೆ ಇನ್ನೂ ತಲುಪಿದಂತಿಲ್ಲ. ಆಮಂತ್ರಣ ಪತ್ರಿಕೆಗಳಲ್ಲಂತೂ, ಈಗಿನವರಿಗಿಂತ ತಕ್ಷಣ ಹಿಂದಿನವರಿಗೆ ಮಾತ್ರ ಸಲ್ಲುವ ‘ನಿಕಟಪೂರ್ವ’ ಎಂಬ ಪದವನ್ನು ಅವರಿಗೂ ಹಿಂದಿನವರಿಗೆ ಅಂಟಿಸುವುದುಂಟು.

ಹಲವು ಹುದ್ದೆಗಳಲ್ಲಿ ದುಡಿದವರ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿ, ಮಹಾರಾಷ್ಟ್ರದ ರಾಜ್ಯಪಾಲ, ವಿದೇಶಾಂಗ ಸಚಿವ ಮೂರೂ ಆಗಿದ್ದರು. ಬೆಂಗಳೂರಿನ ಬೆಳವಣಿಗೆಯನ್ನು ಕುರಿತ ಬರಹದಲ್ಲಿ ಅವರು ಮಾಜಿ ಮುಖ್ಯಮಂತ್ರಿ, ವಿದೇಶಾಂಗ ನೀತಿಯ ಚರ್ಚೆಯಲ್ಲಿ ಮಾಜಿ ವಿದೇಶಾಂಗ ಸಚಿವ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಪೋಣಿಸಬೇಕಾಗಿಲ್ಲ. ಜಗದೀಶ ಶೆಟ್ಟರ್ ಅವರಂತೆ ಮುಖ್ಯಮಂತ್ರಿಯಾಗಿದ್ದು ಮುಂದೆ ಸಚಿವರಾದವರಿಗೆ, ಆ ಹುದ್ದೆಯಲ್ಲಿರುವಷ್ಟು ಕಾಲ ಆ ಹುದ್ದೆಯ ಹೆಸರೇ ಮೊದಲು ಬರಬೇಕು.

ಎದುರಿಗೆ ಮಾತನಾಡುವಾಗ ಕನ್ನಡಿಗರಿಗೆ ಪದನಾಮದ ಹಂಗೇ ಇಲ್ಲ. ‘ದೇವೇಗೌಡರೇ’, ‘ಬೊಮ್ಮಾಯಿಯವರೇ’ ಎಂದರೆ ಸಲ್ಲಬೇಕಾದ ಗೌರವವೆಲ್ಲ ಸಂದಿತು. ಆದ್ದರಿಂದಲೇ ಏಕವಚನದ ಬಳಕೆ ನನ್ನನ್ನು ಹೆಚ್ಚು ನೋಯಿಸುತ್ತದೆ. ಒಬ್ಬರು ಸೋತಿರಬಹುದು, ಆರೋಪ ಹೊತ್ತಿರಬಹುದು, ಅವರ ಆಡಳಿತವನ್ನು ಕಟುವಾಗಿ ಟೀಕಿಸಲೂಬಹುದು. ಆ ಟೀಕೆಯನ್ನು ‘ಅವರು ತಪ್ಪು ಮಾಡಿದರು’ ಎಂದು ಬರೆದರೆ ಅದರ ಹರಿತವೇನೂ ಕುಂದುವುದಿಲ್ಲ.

ತಮ್ಮ ಪತ್ರಿಕೆ ವರದಿಯ ಮೊದಲ ಉಲ್ಲೇಖದಲ್ಲಿ ಮಾತ್ರ ‘ಮಾಜಿ’ ಸಹಿತ ಪದನಾಮ, ಅನಂತರ ಹೆಸರು ಮತ್ತು ಬಹುವಚನ ಎಂಬ ನಿಯಮವನ್ನು ತಲೆಬರಹಗಳಿಗೂ ಅನ್ವಯಿಸಬೇಕೆಂದು ಕೋರುತ್ತೇನೆ. ಸ್ಥಳ ಉಳಿಸಲೆಂದು ತಲೆಬರಹದಲ್ಲಿ ‘ಮಾಜಿ’ಯನ್ನು ಕೈಬಿಟ್ಟಾಗ, ಅದನ್ನಷ್ಟೇ ಓದಿ ಪುಟ ತಿರುವುವವರಿಗೆ ತಪ್ಪು ಮಾಹಿತಿ ತಲುಪುತ್ತದೆ.

– ಓದುಗರೊಬ್ಬರು, ಶಿವಮೊಗ್ಗ