ಎದೆಹಾಲುಣಿಸುವ ಬಡ ತಾಯಂದಿರಿಗೆ ಓರಗೆಯವರ ಆಸರೆ ಬೇಕು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. ಆಸ್ಪತ್ರೆ, ಅಂಗನವಾಡಿಗಳ ಗೋಡೆಗಳ ಮೇಲೆ ಭಿತ್ತಿಪತ್ರಗಳು ಬರುತ್ತವೆ. ಮೊದಲ ಆರು ತಿಂಗಳು ಎದೆಹಾಲಲ್ಲದೆ ಕೂಸಿಗೆ ಹನಿ ನೀರೂ ಬೇಡವೆಂಬ ಮಾತು ಈಗ ಬಹಳಷ್ಟು ತಾಯಂದಿರಿಗೆ ತಿಳಿದಿದೆ. ತಿಳಿದಿದ್ದೂ ಪಾಲಿಸಲಾಗದ ಬಡ ತಾಯಿಯ ಪಕ್ಕದಲ್ಲಿ, ಕಷ್ಟ ಬಂದ ಆ ಹೊತ್ತಿನಲ್ಲೇ, ಹೋಗಿ ಕೂರುವವರು ಯಾರು ಎಂಬ ಪ್ರಶ್ನೆಯತ್ತ ಸರ್ಕಾರದ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದರೂ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿದ ಮಕ್ಕಳು ಶೇ 41.8 ಮಾತ್ರ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಭೇಟಿ ನೀಡಬೇಕು. ಆಮೇಲಿನ ನಿಗದಿತ ಭೇಟಿ ಮೂರನೇ ತಿಂಗಳಿಗೆ. ಊರಲ್ಲೇ ಉಳಿಯುವ ಬಾಣಂತಿಗೆ ಇದು ಹೇಗೋ ಒದಗುತ್ತದೆ. ಆದರೆ ತವರಿನಲ್ಲಿ ಬಾಣಂತನ ಮುಗಿಸಿ, ಎಳೆಗೂಸನ್ನೆತ್ತಿಕೊಂಡು ಗಂಡನೊಂದಿಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ನಮ್ಮ ರಾಯಚೂರು, ಯಾದಗಿರಿ ಕಡೆಯ ಹೆಣ್ಣುಮಕ್ಕಳ ಪಾಡೇನು? ತವರೂರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಆಕೆಯ ಹೆಸರಿರುತ್ತದೆ, ಆಕೆ ಇರುವುದಿಲ್ಲ. ತಗಡಿನ ಶೆಡ್ಡು ಇರುವ ಬಡಾವಣೆಯವರಿಗೆ ಆಕೆ ಬಂದದ್ದೇ ಗೊತ್ತಿರುವುದಿಲ್ಲ.

‘ಹಾಲು ಸಾಲವಲ್ದು’ ಎಂಬ ದಿಗಿಲು ಹುಟ್ಟುವುದು ಇಂಥ ಕಡೆಯಲ್ಲೇ. ಕೂಸು ಸಂಜೆಯಾದರೆ ಒಂದೇ ಸಮನೆ ಅಳುತ್ತದೆ, ಪಕ್ಕದವರು ಡಬ್ಬಿ ಹಾಲು ಹಾಕೆನ್ನುತ್ತಾರೆ. ಮಗು ಚೀಪಿದಷ್ಟೂ ಹಾಲು ಊರುತ್ತದೆ. ಬಾಟಲಿ ಕೊಟ್ಟಷ್ಟೂ ಚೀಪುವುದು ಕಡಿಮೆಯಾಗಿ, ಇಲ್ಲದ ಕೊರತೆ ನಿಜವಾಗಿಯೇ ಬಂದುಬಿಡುತ್ತದೆ. ಡಬ್ಬಿ ಹಾಲನ್ನೇ ನಂಬಿದ ಕೂಸಿಗೆ ನಾನೂರು ಗ್ರಾಂನ ಡಬ್ಬಿ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ದಿನಗೂಲಿಯವರು ಅದನ್ನು ತೆಳ್ಳಗೆ ಕಲಸಿ ಎಳೆಯುತ್ತಾರೆ, ಟ್ಯಾಂಕರ್ ನೀರಲ್ಲಿ ಬಾಟಲಿ ತೊಳೆಯುತ್ತಾರೆ, ಬಳಿಕ ಭೇದಿಗೆಂದು ಆಸ್ಪತ್ರೆಗೆ ಓಡುತ್ತಾರೆ. ಇದನ್ನು ನನ್ನ ಸೇವಾವಧಿಯುದ್ದಕ್ಕೂ ಕಂಡಿದ್ದೇನೆ. ಇದರಲ್ಲಿ ತಾಯಿಯ ತಪ್ಪು ಹುಡುಕುವುದು ಅನ್ಯಾಯ.

ಆ ಸಂಜೆ ಆಕೆಗೆ ಬೇಕಾದದ್ದು ಅದೇ ಸಾಲಿನ ಶೆಡ್ಡಿನಲ್ಲಿದ್ದು, ಅದೇ ಕೂಲಿ ಮಾಡಿ, ಹಾಲುಣಿಸಿ ಮಗು ಸಾಕಿದ ಇನ್ನೊಬ್ಬ ಹೆಣ್ಣುಮಗಳು. ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ದು, ತೂಕವೂ ಏರುತ್ತಿರುವ ಕೂಸಿಗೆ ಹಾಲು ಸಾಲುತ್ತಿದೆ ಎಂದು ಆಕೆ ಧೈರ್ಯ ಹೇಳಬಲ್ಲಳು. ತೊಟ್ಟು ಸೀಳಿದ್ದರೆ ಮಗುವಿನ ಬಾಯಿ ಅಗಲವಾಗಿ ತೆರೆಸಿ ಹಿಡಿಯುವ ಬಗೆ ತೋರಿಸಬಲ್ಲಳು. ಕೆಲಸಕ್ಕೆ ಹೋಗುವ ಮುನ್ನ ಸ್ಟೀಲ್ ಬಟ್ಟಲನ್ನು ನೀರಿನಲ್ಲಿ ಕುದಿಸಿ ಶುಚಿ ಮಾಡಿ, ಅದರಲ್ಲಿ ಕೈಯಿಂದ ಹಾಲು ಹಿಂಡಿ ಮುಚ್ಚಿಟ್ಟು ಹೋಗುವುದನ್ನು ಕಲಿಸಬಲ್ಲಳು. ಮೊಲೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬಲ್ಲಳು. ನಮ್ಮಂಥ ಸಿಬ್ಬಂದಿಯ ಎದುರು ‘ಹ್ಞೂಂ’ ಎಂದಷ್ಟೇ ಹೇಳಿ ಸುಮ್ಮನಾಗುವ ಬಾಣಂತಿ ಆಕೆಯ ಬಳಿ ಮನಸ್ಸು ಬಿಚ್ಚುತ್ತಾಳೆ.

ಇದು ಬರೀ ಆಸೆಯ ಮಾತಲ್ಲ. ಬಾಂಗ್ಲಾದೇಶದ ಢಾಕಾದಲ್ಲಿ ಹತ್ತು ದಿನಗಳ ತರಬೇತಿ ಪಡೆದ ಸ್ಥಳೀಯ ತಾಯಂದಿರು ಗರ್ಭಿಣಿಯ ಕಡೆಯ ತಿಂಗಳುಗಳಿಂದ ಮಗುವಿಗೆ ಐದು ತಿಂಗಳಾಗುವವರೆಗೆ ಹದಿನೈದು ಬಾರಿ ಮನೆಗೆ ಹೋಗಿಬರುವ ಪ್ರಯೋಗ ನಡೆದಿತ್ತು. 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಐದನೇ ತಿಂಗಳಲ್ಲಿ ಎದೆಹಾಲನ್ನಷ್ಟೇ ಕುಡಿಯುತ್ತಿದ್ದ ಮಕ್ಕಳು ಆ ಮನೆಗಳಲ್ಲಿ ಶೇ 70, ಭೇಟಿಯಿಲ್ಲದ ಮನೆಗಳಲ್ಲಿ ಶೇ 6. ಬಡತನವೂ ಇಕ್ಕಟ್ಟಿನ ವಾಸವೂ ನಮ್ಮಂತೆಯೇ ಇರುವ ನಗರದ ಫಲಿತಾಂಶವಿದು.

ಆದ್ದರಿಂದ ಆರೋಗ್ಯ ಇಲಾಖೆ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳು ಜೊತೆಗೂಡಿ, ಕಟ್ಟಡ ಕಾರ್ಮಿಕರ ಶೆಡ್ಡುಗಳು ಮತ್ತು ಕೊಳೆಗೇರಿಗಳಿಂದಲೇ ಇಂಥ ತಾಯಂದಿರನ್ನು ಆರಿಸಿ, ತರಬೇತಿ ನೀಡಿ, ಹತ್ತಿರದ ಅಂಗನವಾಡಿಗೆ ಜೋಡಿಸಬೇಕು. ಅವರಿಗೆ ಗೌರವಧನ ಕೊಡಲೇಬೇಕು. ಒಂದು ಹೊತ್ತಿನ ಕೂಲಿ ಬಿಟ್ಟು ಬರುವವಳಿಂದ ಪುಕ್ಕಟೆ ಸೇವೆ ಕೇಳಬಾರದು. ಈ ಹೊಣೆಯನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬಾರದು, ಅವರಿಗಿರುವ ಭಾರವೇ ಸಾಕಷ್ಟಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ತಂದ 26 ವಾರಗಳ ಹೆರಿಗೆ ರಜೆ ದಿನಗೂಲಿಯವಳನ್ನು ತಲುಪಿಲ್ಲ. ಎಷ್ಟೇ ಒಳ್ಳೆಯ ಓರಗೆಯವಳೂ ಆ ಕೊರತೆಯನ್ನು ತುಂಬಲಾರಳು. ಹಾಗಾಗಿ ಕೆಲಸದ ಸ್ಥಳದಲ್ಲೇ ಕೂಸನ್ನು ಮಲಗಿಸಿ ಹಾಲೂಡಲು ನೆರಳಿನ ಜಾಗ ಮತ್ತು ಕೂಲಿ ಕಡಿತವಿಲ್ಲದ ಬಿಡುವನ್ನು ಕಾರ್ಮಿಕ ಇಲಾಖೆ ಗುತ್ತಿಗೆದಾರರಿಂದ ಕೊಡಿಸಬೇಕು. ತಾಯಿ ಊರು ಬಿಡುವಾಗ ಆಕೆಯ ತಾಯಿ ಕಾರ್ಡಿನ ವಿವರ ಹೋಗುವ ಊರಿನ ಆರೋಗ್ಯ ಕೇಂದ್ರಕ್ಕೆ ತಲುಪುವ ವ್ಯವಸ್ಥೆಯನ್ನು ಗುಳೆ ಹೆಚ್ಚಿರುವ ತಾಲ್ಲೂಕುಗಳಿಂದಲೇ ಆರಂಭಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಮಹಿಳಾ ಆರೋಗ್ಯ ಸಹಾಯಕಿ, ರಾಯಚೂರು ಜಿಲ್ಲೆ