ಇಟಾಲಿಯನ್ ಕ್ರಿಯಾಪದದ ಪಾಠ: ಮನೆಯಲ್ಲಿ ಕನ್ನಡ ಬಿಡಬೇಡಿ

ಪೋಷಕರಿಗೆ ನಮಸ್ಕಾರ.

ನಮ್ಮ ಭಾನುವಾರದ ಕನ್ನಡ ತರಗತಿಗೆ ಬರುವ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಇಲ್ಲಿನ ಶಾಲೆಯಲ್ಲಿ ಈಗ ಕ್ರಿಯಾಪದಗಳ ಪಾಠ ನಡೆಯುತ್ತಿದೆ. ಮನೆಯಲ್ಲಿ ಕನ್ನಡ ಮಾತಾಡುವುದರಿಂದ ಇಟಾಲಿಯನ್ ಕಲಿಕೆ ಹಿಂದೆ ಬೀಳುತ್ತದಾ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಒಂದೆರಡು ಮನೆಗಳಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಶುರುವಾಗಿದೆ ಅಂತಲೂ ಗೊತ್ತಾಯಿತು. ದಯವಿಟ್ಟು ಹಾಗೆ ಮಾಡಬೇಡಿ. ಈ ಪಾಠಕ್ಕೆ ಇಂಗ್ಲಿಷ್‌ಗಿಂತ ಕನ್ನಡವೇ ಹತ್ತಿರ.

‘ನಾಳೆ ಬರ್ತೀನಿ’ ಅಂದರೆ ಬರುವವರು ಯಾರು ಅಂತ ಮಗುವಿಗೆ ತಿಳಿಯುತ್ತದೆ, ‘ನಾನು’ ಅಂತ ಬೇರೆ ಹೇಳಬೇಕಿಲ್ಲ. ಇಟಾಲಿಯನ್ನಿನಲ್ಲೂ ಅಷ್ಟೇ. ‘ಪರ್ಲಾರೆ’ ಅಂದರೆ ಮಾತಾಡುವುದು. ಕೊನೆಯ ‘ಆರೆ’ ತೆಗೆದು, ಮಾತಾಡುವವರು ಯಾರೋ ಅದಕ್ಕೆ ತಕ್ಕ ಪ್ರತ್ಯಯ ಸೇರಿಸಬೇಕು. ಪಾರ್ಲೊ, ಮಾತಾಡುತ್ತೇನೆ. ಪಾರ್ಲಿ, ಮಾತಾಡುತ್ತೀಯ. ಪಾರ್ಲ, ಮಾತಾಡುತ್ತಾನೆ ಅಥವಾ ಮಾತಾಡುತ್ತಾಳೆ. ಪರ್ಲ್ಯಾಮೊ, ಮಾತಾಡುತ್ತೇವೆ. ಪರ್ಲಾತೆ, ಮಾತಾಡುತ್ತೀರಿ. ಪಾರ್ಲನೊ, ಮಾತಾಡುತ್ತಾರೆ. ಅವನಿಗೂ ಅವಳಿಗೂ ಒಂದೇ ರೂಪ ನೋಡಿ, ಇಲ್ಲಿ ಕನ್ನಡವೇ ಜಾಸ್ತಿ ಕಷ್ಟ ಅಲ್ವಾ? ಅದನ್ನು ನಿಮ್ಮ ಮಕ್ಕಳು ಶಾಲೆಗೆ ಸೇರುವ ಮೊದಲೇ ಕಲಿತಿದ್ದಾರೆ.

ಇನ್ನೆರಡು ಗುಂಪುಗಳಿವೆ. ‘ಸ್ಕ್ರೀವೆರೆ’ (ಬರೆಯುವುದು) ‘ಎರೆ’ ಗುಂಪಿನದು, ‘ದೊರ್ಮೀರೆ’ (ಮಲಗುವುದು) ‘ಇರೆ’ ಗುಂಪಿನದು. ನಾನು, ನೀನು, ನಾವು, ಈ ಮೂರರ ಪ್ರತ್ಯಯ ಎಲ್ಲ ಗುಂಪಿನಲ್ಲೂ ಒಂದೇ. ‘ಎರೆ’ಗೂ ‘ಇರೆ’ಗೂ ಇರುವ ವ್ಯತ್ಯಾಸ ‘ನೀವು’ ರೂಪದಲ್ಲಿ ಮಾತ್ರ: ಸ್ಕ್ರಿವೇತೆ, ದೊರ್ಮೀತೆ. ಇಷ್ಟು ತೋರಿಸಿಕೊಟ್ಟರೆ ಮೂರು ಪಟ್ಟಿ ಸುಮ್ನೆ ಉರು ಹೊಡೆಯುವ ಕಷ್ಟ ಎಷ್ಟೋ ಕಡಿಮೆಯಾಗುತ್ತದೆ. ‘ಕಪೀರೆ’ (ಅರ್ಥವಾಗುವುದು) ಥರದ ಕೆಲವಕ್ಕೆ ನಡುವೆ ‘ಇಸ್ಕ್’ ಸೇರಿ ‘ಕಪೀಸ್ಕೊ’ ಆಗುತ್ತದೆ. ನಾವು, ನೀವು ರೂಪಗಳಲ್ಲಿ ಅದು ಬರುವುದಿಲ್ಲ: ಕಪ್ಯಾಮೊ, ಕಪೀತೆ.

ನಮ್ಮ ಮಕ್ಕಳು ಜಾಸ್ತಿ ಎಡವುವುದು ‘ಅವರು’ ರೂಪದಲ್ಲಿ. ‘ಪರ್ಲಾತೆ’ ಹೇಳಿದ ನಾಲಿಗೆ ಅದೇ ಓಟದಲ್ಲಿ ‘ಪರ್ಲಾನೊ’ ಅನ್ನುತ್ತದೆ. ಒತ್ತು ಇರಬೇಕಾದದ್ದು ಮೊದಲ ಅಕ್ಷರದ ಮೇಲೆ, ‘ಪಾರ್ಲನೊ’ ಅಂತ. ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಒತ್ತಿನ ಗುರುತು ಹಾಕಿರುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಬರೆಸಿ. ದೀರ್ಘ ಎಲ್ಲಿದೆಯೋ ಅಲ್ಲೇ ಒತ್ತು ಅಂತ ಮಗುವಿಗೆ ಕಣ್ಣಿಗೇ ಕಾಣುತ್ತದೆ.

ನಿಮಗೂ ಒಂದು ಮಾತು. ಗೌರವಕ್ಕೆ ನಾವು ಬಹುವಚನ ಬಳಸುತ್ತೇವೆ. ಇಲ್ಲಿ ‘ಲೇಯಿ’ ಅಂದು ‘ಅವಳು’ ರೂಪವನ್ನೇ ಬಳಸುತ್ತಾರೆ, ಎದುರಿಗಿರುವವರು ಗಂಡಸಾದರೂ ಸರಿ. ಪೋಷಕರ ಸಭೆಯಲ್ಲಿ ಟೀಚರನ್ನು ಕೇಳುವಾಗ ‘ಲೇಯಿ ಪಾರ್ಲ ಇಂಗ್ಲೇಸೆ?’ ಅನ್ನಿ.

ಅಡುಗೆ ಮಾಡುವಾಗಲೋ ಬಸ್ಸಿನಲ್ಲೋ ದಿನಕ್ಕೊಂದು ಕ್ರಿಯಾಪದ ಸಾಕು. ನೀವು ‘ಬರೀತೀವಿ’ ಅನ್ನಿ, ಮಗು ‘ಸ್ಕ್ರಿವ್ಯಾಮೊ’ ಅನ್ನಲಿ. ತಪ್ಪಿದರೆ ತಕ್ಷಣ ತಿದ್ದಬೇಡಿ, ಇನ್ನೊಮ್ಮೆ ಕೇಳಿ. ಮುಂದಿನ ಭಾನುವಾರ ಮಕ್ಕಳ ಶಾಲೆಯ ವ್ಯಾಕರಣದ ನೋಟ್‌ಬುಕ್ ಕೊಟ್ಟು ಕಳಿಸಿ. ತರಗತಿ ಮುಗಿದ ಮೇಲೆ ಅರ್ಧ ಗಂಟೆ ಕೂತು ನೋಡುತ್ತೇವೆ. ನೀವೂ ಜೊತೆಗೆ ಕೂರಬಹುದು.

ನಿಮ್ಮ,
ಮುಖ್ಯ ಶಿಕ್ಷಕಿ